ಇಕ್ಕೇರಿಗೆ ಬಂದ ರಾಯಭಾರಿ, ಮೇಗರವಳ್ಳಿಗೆ ಬಂದ ಫೋನು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಮೇಗರವಳ್ಳಿ ಸಿಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಫೋನಿನಲ್ಲಿ ಮಾತಾಡಬೇಕೆಂದರೆ ಗುಡ್ಡ ಹತ್ತಬೇಕಿತ್ತು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಬೋರ್ಡು ಬರೆದು ಕೂತ ಹಳ್ಳಿಗಳು ನಮ್ಮವೇ. ಕೆಲವು ಕಡೆ ಈಗಲೂ ಅದೇ ಕಥೆ. ಸಿಗ್ನಲ್ ಬಂದ ಕಡೆ ಅದರ ಹಿಂದೆಯೇ ಇನ್ನೊಂದು ಬಂದಿದೆ.

ಅಡಿಕೆ ಕೊಟ್ಟ ದುಡ್ಡು ಖಾತೆಗೆ ಬಿದ್ದಿರುವ ಹೊತ್ತು. ಫೋನ್ ರಿಂಗಾಗುತ್ತದೆ. ಆ ಕಡೆಯವನು ಪೊಲೀಸ್ ಅಂತಲೋ ಕಸ್ಟಮ್ಸ್ ಅಂತಲೋ ಹೇಳಿಕೊಳ್ಳುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೋ ಕಾಲ್ ಕಟ್ ಮಾಡಬೇಡಿ, ಮನೆಯವರಿಗೆ ಹೇಳಬೇಡಿ, ತನಿಖೆ ಮುಗಿಯುವ ತನಕ ಹಣವನ್ನು ‘ಸುರಕ್ಷಿತ ಖಾತೆ’ಗೆ ಹಾಕಿ. ಹಾಕಿದರೆ ಕಥೆ ಮುಗಿಯಿತು. ಆ ಫೋನು ಶಿವಮೊಗ್ಗದಿಂದಲೂ ಬಂದಿರಬಹುದು, ಕಾಂಬೋಡಿಯಾದಿಂದಲೂ ಬಂದಿರಬಹುದು. ಕಾಂಬೋಡಿಯಾದಲ್ಲಿ ಕೂತವನನ್ನು ಹಿಡಿಯಬೇಕಾದರೆ ಎರಡು ಸರ್ಕಾರಗಳು ಮಾತಾಡಿಕೊಳ್ಳಬೇಕು.

ದೂರದ ದೇಶದವರೊಂದಿಗೆ ಸುರಕ್ಷತೆಯ ಮಾತುಕತೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಅದಕ್ಕೆ ನಾನೂರು ವರ್ಷದ ಇತಿಹಾಸವಿದೆ. ಆ ಇತಿಹಾಸ ತಿಳಿದುಕೊಂಡರೆ ಈಗಿನ ಗೊಂದಲವೂ ಸ್ವಲ್ಪ ತಿಳಿಯಾಗುತ್ತದೆ ಎಂದು ನಮಗೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇವೆ.

ಮೆಣಸು, ಹಡಗು, ರಹದಾರಿ

ಕೆಳದಿ ನಾಯಕರ ರಾಜ್ಯ ಮೊದಲು ಕೆಳದಿಯಿಂದ, ಆಮೇಲೆ ಇಕ್ಕೇರಿಯಿಂದ, ಕೊನೆಗೆ ಬಿದನೂರಿನಿಂದ, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದಿಂದ ನಡೆಯಿತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಅವರ ಗಟ್ಟಿ ಕೋಟೆ. ಘಟ್ಟದ ಮೇಲಿನ ಮೆಣಸು ಹೇರೆತ್ತುಗಳ ಮೇಲೆ ಕೆಳಗಿಳಿದು ಹೊನ್ನಾವರ, ಬಸ್ರೂರು, ಮಂಗಳೂರು ಬಂದರುಗಳಿಗೆ ಹೋಗುತ್ತಿತ್ತು. ಬೆಳೆ ನಮ್ಮದು, ಘಟ್ಟದ ದಾರಿ ನಮ್ಮದು. ಸಮುದ್ರ ಮಾತ್ರ ಪೋರ್ಚುಗೀಸರ ಹಿಡಿತದಲ್ಲಿತ್ತು.

ಅವರು ಸಮುದ್ರದ ಮೇಲೆ ಒಂದು ಪದ್ಧತಿ ತಂದಿದ್ದರು. ಯಾವ ಹಡಗು ಹೊರಟರೂ ಅವರಿಂದ ‘ಕರ್ತಾಜ್’ ಎಂಬ ರಹದಾರಿ ಚೀಟಿ ಪಡೆಯಬೇಕು. ಹಡಗಿನ ಯಜಮಾನ ಯಾರು, ಎಲ್ಲಿಗೆ ಹೋಗುತ್ತದೆ, ಎಷ್ಟು ಆಯುಧವಿದೆ, ಏನು ಸರಕಿದೆ ಎಲ್ಲವೂ ಅದರಲ್ಲಿ ಇರಬೇಕು. ಚೀಟಿ ಇಲ್ಲದ ಹಡಗನ್ನು ಹಿಡಿದು ಸರಕು ಕಿತ್ತುಕೊಳ್ಳುತ್ತಿದ್ದರು. ಹೆಸರಿಗೆ ಇದು ರಕ್ಷಣೆ. ಆದರೆ ಯಾರಿಂದ ರಕ್ಷಣೆ ಎಂದು ಕೇಳಿದರೆ, ಬಹುಪಾಲು ಆ ಚೀಟಿ ಕೊಡುವವರಿಂದಲೇ. ಅಪಾಯ ಹುಟ್ಟಿಸಿದವನೇ ಸುರಕ್ಷತೆ ಮಾರುವುದು ಹಳೇ ವ್ಯಾಪಾರ. ಇವತ್ತು ‘ನಿಮ್ಮ ಖಾತೆ ಅಪಾಯದಲ್ಲಿದೆ, ಸುರಕ್ಷಿತ ಖಾತೆಗೆ ಹಾಕಿ’ ಎನ್ನುವವನೂ ಮಾಡುವುದು ಅದನ್ನೇ.

1623ರ ಒಂದು ಪ್ರಯಾಣ

ವೆಂಕಟಪ್ಪ ನಾಯಕರ ಕಾಲಕ್ಕೆ ಈ ಲೆಕ್ಕ ಬದಲಾಗತೊಡಗಿತು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ರಾಜ್ಯ ಇಕ್ಕೇರಿಗೆ ಸೇರಿತ್ತು. ಮಂಗಳೂರಿನ ಕಡೆ ಬಂಗ ಅರಸನಿಗೆ ಪೋರ್ಚುಗೀಸರ ಬೆಂಬಲವಿತ್ತು; ಅವನ ನೆಲವನ್ನೂ ವೆಂಕಟಪ್ಪ ನಾಯಕರು ಹಿಡಿದಿದ್ದರು. ಅತ್ತ 1622ರಲ್ಲಿ ಪರ್ಷಿಯಾ ಮತ್ತು ಇಂಗ್ಲಿಷರು ಸೇರಿ ಹೋರ್ಮುಜ್ ಕೋಟೆಯನ್ನು ಪೋರ್ಚುಗೀಸರಿಂದ ಕಸಿದುಕೊಂಡಿದ್ದರು. ಇಂಥ ಹೊತ್ತಿನಲ್ಲಿ ಮಲೆನಾಡಿನ ದೊರೆಯ ಮೇಲೆ ಯುದ್ಧ ಹೂಡುವ ಶಕ್ತಿ ಗೋವೆಗೆ ಇರಲಿಲ್ಲ. ಮಾತುಕತೆಯೇ ಉಳಿದ ದಾರಿ.

1623ರ ಅಕ್ಟೋಬರ್‌ನಲ್ಲಿ ಗೋವೆಯ ವೈಸ್‌ರಾಯ್ ಕಳುಹಿಸಿದ ರಾಯಭಾರಿ ಇಕ್ಕೇರಿಗೆ ಹೊರಟ. ಅದೇ ತಂಡದಲ್ಲಿ ಇಕ್ಕೇರಿಯ ಕಡೆಯಿಂದ ಗೋವೆಗೆ ಹೋಗಿದ್ದ ರಾಯಭಾರಿ ವಿಠಲ ಶೆಣೈ ಕೂಡ ವಾಪಸಾಗುತ್ತಿದ್ದರು. ಜೊತೆಗೆ ಊರು ನೋಡಲು ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ. ಅವನು ಬರೆದ ಪತ್ರಗಳಿಂದಲೇ ಈ ಪ್ರಯಾಣದ ವಿವರ ನಮಗೆ ಸಿಗುತ್ತದೆ. ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ, ನವೆಂಬರ್‌ನಲ್ಲಿ ಅವರು ಇಕ್ಕೇರಿ ಸೇರಿದರು.

ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ನೋಡಿದ. ನೆಲದ ಮೇಲೆ ನುಣ್ಣನೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೆದು, ಒಬ್ಬ ಹಾಡಿದ್ದನ್ನು ಉಳಿದವರು ಹಾಡುತ್ತ, ಗುರು ಹತ್ತಿರ ಇಲ್ಲದಿದ್ದರೂ ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುತ್ತಿದ್ದರು. ಇಟಲಿಯವನಿಗೆ ಇದು ಅಚ್ಚರಿ. ನಮ್ಮ ಅಜ್ಜಂದಿರಿಗೆ ಕೇಳಿದರೆ, ‘ನಾವೂ ಮರಳಲ್ಲೇ ತಿದ್ದಿದ್ದು’ ಎನ್ನುತ್ತಾರೆ.

ಇಕ್ಕೇರಿಯಲ್ಲಿ ನಡೆದದ್ದು ಅಳೆದು ತೂಗಿ ಮಾಡಿದ ವ್ಯವಹಾರ. ಬಂದವರ ಬಳಿ ವೈಸ್‌ರಾಯ್ ಕೊಟ್ಟ ಅಧಿಕಾರವಿತ್ತು. ಅವರನ್ನು ಕರೆತಂದವರು ದೊರೆಗೆ ಗೊತ್ತಿದ್ದವರೇ. ವೀಳ್ಯ ಮೆಲ್ಲುತ್ತ ಕೂತ ವೆಂಕಟಪ್ಪ ನಾಯಕರು ಅವರ ಮಾತು ಕೇಳಿದರು. ಮೆಣಸು ಯಾರಿಗೆ ಬೇಕು, ಯಾರಿಗೆ ಅವಸರವಿದೆ ಎಂಬುದು ಎರಡೂ ಕಡೆಯವರಿಗೆ ತಿಳಿದಿತ್ತು. ಅವಸರ ಇದ್ದದ್ದು ಗೋವೆಗೆ, ಇಕ್ಕೇರಿಗೆ ಅಲ್ಲ.

ಈ ಮಾತುಕತೆಯಿಂದ ಎಲ್ಲವೂ ಶಾಶ್ವತವಾಗಿ ಬಗೆಹರಿಯಲಿಲ್ಲ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಶಿವಪ್ಪ ನಾಯಕರು ಹೊನ್ನಾವರ, ಬಸ್ರೂರು, ಮಂಗಳೂರಿನಿಂದ ಪೋರ್ಚುಗೀಸರನ್ನು ಹೊರಹಾಕಿದರು. ಆಮೇಲೆ 1671, 1678ರಲ್ಲಿ ಮತ್ತೆ ಒಪ್ಪಂದಗಳಾದವು. ನಡುವೆ ಡಚ್ಚರೂ ಬಸ್ರೂರಿಗೆ ವ್ಯಾಪಾರಕ್ಕೆ ಬಂದರು. ಒಬ್ಬನೇ ಗಿರಾಕಿಯನ್ನು ನಂಬಿ ಕೂರದಿರುವುದು ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ರಾಣಿ ಚೆನ್ನಮ್ಮಾಜಿ ಆಶ್ರಯ ಕೊಟ್ಟರು; ಅದಕ್ಕಾಗಿ ಮೊಘಲ್ ಸೈನ್ಯವನ್ನೂ ಎದುರಿಸಿದರು. ನೆರೆಯವನ ಮನೆಗೆ ಬಿದ್ದ ಬೆಂಕಿ ನಮ್ಮ ಮಾಡಿಗೂ ಬರುತ್ತದೆ ಎಂಬುದು ಆಕೆಗೆ ಗೊತ್ತಿತ್ತು.

ಈಗಿನ ಸಮುದ್ರ

ಈಗಿನ ಸಮುದ್ರ ಇಂಟರ್ನೆಟ್. ಇದರಲ್ಲಿ ಗಡಿ ಕಾಣುವುದಿಲ್ಲ, ಆದರೆ ಪೊಲೀಸರಿಗೆ ಗಡಿ ಇದೆ. ಕಳ್ಳನಿಗೆ ಇದೇ ಅನುಕೂಲ.

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದದ್ದು 2000ದಲ್ಲಿ. ಮರುವರ್ಷವೇ, 2001ರಲ್ಲಿ, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಶುರುವಾಯಿತು. ಅದೇ 2001ರ ನವೆಂಬರ್‌ನಲ್ಲಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಸೈಬರ್ ಅಪರಾಧದ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಸಹಿಗೆ ಬಂತು. ಭಾರತ ಅದಕ್ಕೆ ಸೇರಲಿಲ್ಲ. ಒಪ್ಪಂದ ಬರೆಯುವಾಗ ನಮ್ಮನ್ನು ಕೂರಿಸಿಕೊಳ್ಳಲಿಲ್ಲ, ಬರೆದಾದ ಮೇಲೆ ಸಹಿ ಹಾಕಿ ಎಂದರೆ ಹೇಗೆ ಎಂಬ ಮಾತು ದೆಹಲಿಯಲ್ಲಿತ್ತು. ಕರ್ತಾಜ್ ಕಂಡ ಕರಾವಳಿಯವರಿಗೆ ಆ ಅನುಮಾನ ಅರ್ಥವಾಗುತ್ತದೆ.

ಆದರೆ ಹೊರಗುಳಿದರೆ ಆಗುವ ನಷ್ಟವೂ ಕಣ್ಣೆದುರಿಗಿದೆ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹಣ ನ್ಯೂಯಾರ್ಕ್‌ನ ಖಾತೆಯಿಂದ ಕಳುವಾಯಿತು. 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್ ಸೇರಿ ಜೂಜುಕೇಂದ್ರಗಳಲ್ಲಿ ಕರಗಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ಮಾತ್ರ, ಹಣ ಪಡೆಯುವ ಸಂಸ್ಥೆಯ ಹೆಸರಿನಲ್ಲಿ ಒಂದು ಕಾಗುಣಿತ ತಪ್ಪಿದ್ದರಿಂದ ಯಾರಿಗೋ ಅನುಮಾನ ಬಂದು ನಿಂತಿತು.

2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಸರದಿ. ಬ್ಯಾಂಕಿನ ವ್ಯವಸ್ಥೆಯೊಳಗೆ ನುಗ್ಗಿ, ನಕಲಿ ಕಾರ್ಡುಗಳಿಂದ 28 ದೇಶಗಳ ಎಟಿಎಂಗಳಲ್ಲಿ ಕೆಲವೇ ಗಂಟೆಗಳಲ್ಲಿ ಹಣ ತೆಗೆದರು. ಹಾಂಗ್‌ಕಾಂಗ್‌ಗೆ ಹೋದದ್ದೂ ಸೇರಿ ಹೋದದ್ದು ಸುಮಾರು 94 ಕೋಟಿ ರೂಪಾಯಿ. ಹಾಂಗ್‌ಕಾಂಗ್ ಜೊತೆ ಪತ್ರ ವ್ಯವಹಾರ ನಡೆಸಿ ಒಂದಿಷ್ಟು ಹಣ ತಡೆಹಿಡಿಸಿ ತರಿಸಲಾಯಿತು. 2023ರಲ್ಲಿ ಪುಣೆ ನ್ಯಾಯಾಲಯ 11 ಜನರಿಗೆ ಶಿಕ್ಷೆ ಕೊಟ್ಟಿತು. ಅವರು ಕಾರ್ಡು ಹಿಡಿದು ಹಣ ತೆಗೆಯುವ ಕೆಲಸದವರು. ಇಡೀ ಯೋಜನೆ ಹಾಕಿದವರು ಗಡಿಯ ಆಚೆಯೇ ಉಳಿದರು. ನಮ್ಮ ಸೀಮೆಯ ಬದುಕೂ ಸಹಕಾರಿ ಸಂಘಗಳ ಮೇಲೆ ನಿಂತಿರುವುದರಿಂದ ಇದನ್ನು ದೂರದ ಸುದ್ದಿ ಎಂದು ಬಿಡುವಂತಿಲ್ಲ.

2023ರ ಆಗಸ್ಟ್ 19ರಂದು ಜಿ-20 ದೇಶಗಳ ಡಿಜಿಟಲ್ ಆರ್ಥಿಕತೆಯ ಸಚಿವರು ಬೆಂಗಳೂರಿನಲ್ಲಿ ಸೇರಿದಾಗ ಸೈಬರ್ ಸುರಕ್ಷತೆ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. 2024ರ ಡಿಸೆಂಬರ್ 24ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸೈಬರ್ ಅಪರಾಧದ ಹೊಸ ಒಪ್ಪಂದವನ್ನು ಅಂಗೀಕರಿಸಿತು. ಇದರ ಕರಡು ರಚಿಸುವ ಸಭೆಗಳಲ್ಲಿ ಭಾರತವೂ ಕೂತಿತ್ತು. 2025ರ ಅಕ್ಟೋಬರ್‌ನಲ್ಲಿ ವಿಯೆಟ್ನಾಂನ ಹನೋಯ್‌ನಲ್ಲಿ ಸಹಿ ಕಾರ್ಯಕ್ರಮ ನಡೆದಾಗ ಮಾತ್ರ ಸಹಿ ಹಾಕಿದವರ ಪಟ್ಟಿಯಲ್ಲಿ ಭಾರತ ಇರಲಿಲ್ಲ. 40 ದೇಶಗಳು ಅನುಮೋದಿಸಿ 90 ದಿನ ಕಳೆದ ಮೇಲೆ ಅದು ಜಾರಿಗೆ ಬರಬೇಕು. ಅದರ ಹೆಸರಿನಲ್ಲಿ ಸರ್ಕಾರಗಳು ಪತ್ರಕರ್ತರ, ಹೋರಾಟಗಾರರ ಫೋನಿಗೆ ಕೈಹಾಕಬಹುದು ಎಂಬ ಭಯವನ್ನು ಮಾನವ ಹಕ್ಕು ಸಂಘಟನೆಗಳು ಹೇಳಿವೆ. ಆ ಭಯ ನಮಗೂ ಇದೆ. ಕಳ್ಳನನ್ನು ಹಿಡಿಯುವ ಬಲೆ ಕಳ್ಳನಿಗೇ ಬೀಳುವಂತೆ ಹೆಣೆಯಬೇಕು.

ಎರಡೂ ಕಡೆ ನಮ್ಮವರೇ

2024ರಲ್ಲಿ ಭಾರತೀಯರು ಸೈಬರ್ ವಂಚನೆಯಲ್ಲಿ ಕಳೆದುಕೊಂಡ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲಿ ‘ಡಿಜಿಟಲ್ ಅರೆಸ್ಟ್’ ಬಗ್ಗೆ ಎಚ್ಚರಿಸುವಾಗ ಕೇಳಿಸಿದ ಸಂಭಾಷಣೆ ನಮ್ಮದೇ ವಿಜಯಪುರದವರೊಬ್ಬರದು.

ಫೋನಿನ ಆ ತುದಿಯಲ್ಲೂ ಭಾರತೀಯರಿದ್ದಾರೆ ಎಂಬುದು ಇನ್ನೊಂದು ಸಂಕಟ. ಕಂಪ್ಯೂಟರ್ ಕೆಲಸ, ಒಳ್ಳೇ ಸಂಬಳ ಎಂದು ನಂಬಿ ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಹೋದ ಹುಡುಗರ ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿಯೊಳಗೆ ಕೂಡಿಹಾಕಿ, ಜನರಿಗೆ ಮೋಸ ಮಾಡುವ ಕೆಲಸಕ್ಕೆ ಹಚ್ಚುತ್ತಾರೆ. ಕಾಂಬೋಡಿಯಾದಿಂದ ಸುಮಾರು 250 ಮಂದಿಯನ್ನು ಬಿಡಿಸಿ ಕಳುಹಿಸಿರುವುದಾಗಿ 2024ರ ಮಾರ್ಚ್‌ನಲ್ಲಿ ವಿದೇಶಾಂಗ ಇಲಾಖೆ ಹೇಳಿತು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಅಡ್ಡೆಗಳಿಂದ ಬಿಡುಗಡೆಯಾದ 549 ಜನರನ್ನು ಥಾಯ್ಲೆಂಡ್‌ನಿಂದ ವಾಯುಪಡೆ ವಿಮಾನಗಳಲ್ಲಿ ಕರೆತರಲಾಯಿತು. ಮೂರು ದೇಶಗಳು ಮಾತಾಡಿಕೊಂಡಿದ್ದರಿಂದ ಆದ ಕೆಲಸ ಅದು. ಅಂತರರಾಷ್ಟ್ರೀಯ ಸಹಕಾರ ಎಂದರೆ ಕೊನೆಗೆ ಒಬ್ಬ ತಾಯಿಗೆ ಮಗ ವಾಪಸ್ ಸಿಗುವುದು.

ಮೂರನೆಯದು ನಮ್ಮ ಊರಲ್ಲೇ ಆಗಬಹುದಾದದ್ದು. ಕದ್ದ ಹಣ ನೇರವಾಗಿ ವಿದೇಶಕ್ಕೆ ಹಾರುವುದಿಲ್ಲ. ಮೊದಲು ಯಾರದೋ ಬಡವರ, ಕಾಲೇಜು ಹುಡುಗರ ಖಾತೆಗೆ ಬೀಳುತ್ತದೆ, ಅಲ್ಲಿಂದ ಹತ್ತಾರು ಖಾತೆಗಳಿಗೆ ಒಡೆದು ಹೋಗುತ್ತದೆ, ಕೊನೆಗೆ ಕ್ರಿಪ್ಟೋ ಆಗಿ ಗಡಿ ದಾಟುತ್ತದೆ. ‘ನಿನ್ನ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ’ ಎಂದು ಯಾರಾದರೂ ಕೇಳಿದರೆ, ಅವನು ಕೇಳುತ್ತಿರುವುದು ಒಂದು ಬಂದರನ್ನು. ಹೊನ್ನಾವರ, ಬಸ್ರೂರಿಗಾಗಿ ಆಗ ನಡೆದ ಜಗ್ಗಾಟ ಈಗ ನಮ್ಮ ಮಕ್ಕಳ ಪಾಸ್‌ಬುಕ್ಕಿಗಾಗಿ ನಡೆಯುತ್ತಿದೆ. ಕೊಟ್ಟರೆ ಕೇಸು ಬೀಳುವುದು ಕೊಟ್ಟವನ ಮೇಲೆ.

ಇಕ್ಕೇರಿಯ ಬುದ್ಧಿ

ದೇಶದಿಂದ ದೇಶಕ್ಕೆ ಸಾಕ್ಷ್ಯ ಕೇಳುವ ದಾರಿ ನಿಧಾನ. ಠಾಣೆಯಿಂದ ನ್ಯಾಯಾಲಯ, ಅಲ್ಲಿಂದ ದೆಹಲಿ, ದೆಹಲಿಯಿಂದ ಆ ದೇಶದ ರಾಜಧಾನಿ ಎಂದು ತಿಂಗಳುಗಳೇ ಹಿಡಿಯುತ್ತವೆ. ಹಣಕ್ಕೆ ಅಷ್ಟು ಹೊತ್ತು ಬೇಡ. ಹಾಗಾಗಿ ಗಡಿ ದಾಟುವ ಮೊದಲೇ ಅದನ್ನು ತಡೆಯುವುದು ಮುಖ್ಯ. ಮೋಸ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿದರೆ, ಹಣ ಹೋದ ಖಾತೆಗಳಲ್ಲಿ ಉಳಿದದ್ದನ್ನು ತಡೆಹಿಡಿಯುವ ಕೆಲಸ ಶುರುವಾಗುತ್ತದೆ. ಶಿವಮೊಗ್ಗದಲ್ಲಿ ಸಿಇಎನ್ ಠಾಣೆಯಿದೆ. ‘ನಾಳೆ ಪೇಟೆಗೆ ಹೋದಾಗ ಹೇಳಿದರಾಯಿತು’ ಎಂದು ಕೂತರೆ ಹಣ ಸಮುದ್ರ ದಾಟಿರುತ್ತದೆ.

ಅದಕ್ಕೂ ಮೊದಲು ಇಕ್ಕೇರಿಯವರಂತೆ ಕೇಳಿ. ಬಂದವನು ಯಾರು? ಅವನನ್ನು ಕರೆತಂದವರು ಯಾರು? ಅವಸರ ಯಾರಿಗೆ? ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಯಾವ ಪೊಲೀಸರೂ ವಿಡಿಯೋ ಕಾಲಿನಲ್ಲಿ ಬಂಧಿಸಿ ಹಣ ಹಾಕಿಸಿಕೊಳ್ಳುವುದಿಲ್ಲ. ಫೋನ್ ಇಡಿ, ವೀಳ್ಯ ಹಾಕಿಕೊಳ್ಳಿ, ಪಕ್ಕದ ಮನೆಯವರನ್ನು ಕರೆಯಿರಿ.

ಕಳ್ಳನ ಮೊದಲ ಮಾತು ‘ಯಾರಿಗೂ ಹೇಳಬೇಡಿ’. ಮೋಸ ಹೋದ ಮೇಲೆ ಮರ್ಯಾದೆಗೆ ಅಂಜಿ ನಾವೂ ಅದನ್ನೇ ಪಾಲಿಸುತ್ತೇವೆ. ಆ ಗುಡಿಯ ಜಗಲಿಯ ಹುಡುಗರು ಲೆಕ್ಕವನ್ನು ಗಟ್ಟಿಯಾಗಿ ಹೇಳಿಕೊಂಡು, ಒಬ್ಬರಿಗೊಬ್ಬರು ತಿದ್ದಿ ಕಲಿತರು. ಈ ಲೆಕ್ಕವನ್ನೂ ಹಾಗೆಯೇ ಕಲಿಯಬೇಕು. ಸಂಘದ ಸಭೆಯಲ್ಲಿ, ಅಡಿಕೆ ಸುಲಿಯುವಾಗ, ಬಸ್ಸಿಗೆ ಕಾಯುವಾಗ ಹೇಳಿ. ನಿಮಗೆ ಇಂಥ ಫೋನ್ ಬಂದಿದ್ದರೆ ಇವತ್ತೇ ಹೇಳಿ. ಅಮ್ಮ, ಅಜ್ಜಿಯ ಫೋನಿನಲ್ಲಿ 1930 ಸೇವ್ ಮಾಡಿಕೊಡಿ.