ಸಾಕು ಆಮೆಯ ಆವರಣದಲ್ಲಿ ಮನೆಗಿಡಗಳು

ಮನೆಯೊಳಗೆ ಆಮೆ ಸಾಕುವವರು ಅದರ ತೊಟ್ಟಿಯಲ್ಲಿ ನೆರಳಿಗೆ, ಮರೆಗೆ, ತೇವಕ್ಕೆ ಹಾಗೂ ಮೇವಿಗೆಂದು ಕುಂಡದ ಗಿಡಗಳನ್ನು ಬೆಳೆಸುವುದುಂಟು. ಅಡಗಲು ಜಾಗವಿದ್ದರೆ ಆಮೆಗೆ ಗಾಬರಿ ಕಡಿಮೆ. ದಕ್ಷಿಣ ಅಮೆರಿಕದ ಕಾಡುಗಳ ರೆಡ್ ಫುಟೆಡ್ ಆಮೆಯಂಥ ಜಾತಿಗಳಿಗಂತೂ ಗಿಡಗಳು ಹಿಡಿದಿಡುವ ತೇವ ಬೇಕೇ ಬೇಕು. ಆದರೆ ನರ್ಸರಿಗಳಲ್ಲಿ ಅಂದಕ್ಕೆಂದು ಮಾರುವ ಬಹಳಷ್ಟು ಗಿಡಗಳು ಆಮೆ ತಿನ್ನಬಾರದಂಥವು. ಒಂದು ಗಿಡ ಸುರಕ್ಷಿತವೇ ಎಂಬುದು ಅದರ ಹೆಸರೊಂದರಿಂದ ತೀರ್ಮಾನವಾಗುವುದಿಲ್ಲ. ಅಲ್ಲಿರುವುದು ಯಾವ ಆಮೆ, ಅದು ಎಷ್ಟು ತಿಂದೀತು, ಗಿಡಕ್ಕೆ ಮೊದಲು ಏನು ಸಿಂಪಡಿಸಿದ್ದರು ಎಂಬುದನ್ನೂ ನೋಡಬೇಕಾಗುತ್ತದೆ.

ಆಮೆಗೆ ಹಲ್ಲಿಲ್ಲ. ಗಟ್ಟಿ ಕೊಕ್ಕಿನಿಂದ ಎಲೆಯನ್ನು ಕಚ್ಚಿ, ಮುಂಗಾಲಿನಿಂದ ಅದುಮಿ, ಕತ್ತನ್ನು ಹಿಂದಕ್ಕೆಳೆದು ಹರಿದು, ಅಗಿಯದೆಯೇ ನುಂಗುತ್ತದೆ. ಸೊಪ್ಪು ತಿನ್ನುವ ನೆಲದಾಮೆಗಳಲ್ಲಿ ಮೇವು ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ಜೀರ್ಣವಾಗುತ್ತದೆ. ತಿಂದದ್ದು ಹೊರಬೀಳಲು ಹಲವು ದಿನ ಹಿಡಿಯುತ್ತದೆ, ಮೈ ತಣ್ಣಗಿದ್ದರೆ ವಾರಗಳೇ ಬೇಕು. ಹಾಗಾಗಿ ವಿಷದ ಪರಿಣಾಮ ತಡವಾಗಿ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಯಾವ ಎಲೆ ತಿಂದಿತ್ತೆಂಬುದೇ ಸಾಕುವವರಿಗೆ ಮರೆತಿರುತ್ತದೆ.

ಹೆಚ್ಚು ಚರ್ಚೆಗೆ ಬರುವುದು ಕೆಸುವಿನ ಕುಟುಂಬ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಮಾನ್‌ಸ್ಟೆರಾ, ಸಿಂಗೋನಿಯಂ, ಅಗ್ಲೊನೀಮಾ, ಆಂಥೂರಿಯಂ, ಪೀಸ್ ಲಿಲಿ, ಡೀಫೆನ್‌ಬಾಕಿಯಾ ಎಲ್ಲವೂ ಈ ಕುಟುಂಬದವೇ. ಇವುಗಳ ಎಲೆ ಮತ್ತು ಕಾಂಡಗಳ ಕೆಲವು ಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿ ತುಂಬಿರುತ್ತವೆ. ಎಲೆ ಜಜ್ಜಿದೊಡನೆ ಹೊರಚಿಮ್ಮಿ ಬಾಯಿ, ನಾಲಿಗೆ, ಗಂಟಲುಗಳಿಗೆ ಚುಚ್ಚಿಕೊಳ್ಳುತ್ತವೆ. ಸರಿಯಾಗಿ ಬೇಯದ ಪತ್ರೊಡೆ ತಿಂದವರ ಗಂಟಲು ಕೆರೆಯುವುದೂ ಇಂಥ ಹರಳುಗಳಿಂದಲೇ. ತಿಂದ ಆಮೆ ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳಬಹುದು, ಬಾಯಿ ತೆರೆದೇ ಇರಬಹುದು, ಜೊಲ್ಲು ಸುರಿಸಬಹುದು, ಮೇವು ಬಿಡಬಹುದು. ಸಾಮಾನ್ಯವಾಗಿ ಇದು ಪ್ರಾಣ ತೆಗೆಯುವ ವಿಷವಲ್ಲ. ಮನಿ ಪ್ಲಾಂಟಿನ ಒಂದೆರಡು ಎಲೆ ತಿಂದೂ ಏನೂ ಆಗದ ಆಮೆಗಳಿವೆ. ಅದನ್ನೇ ನಂಬಿ ತೊಟ್ಟಿಯ ತುಂಬ ಬಳ್ಳಿ ಹಬ್ಬಿಸುವುದು ಜಾಣತನವಲ್ಲ. ಡೀಫೆನ್‌ಬಾಕಿಯಾವನ್ನಂತೂ ಹತ್ತಿರಕ್ಕೂ ತರಬಾರದು. ಹಾಗೆಂದು ಇಡೀ ಕುಟುಂಬವನ್ನೇ ದೂರುವಂತೆಯೂ ಇಲ್ಲ. ಕೆರೆಯ ಮೇಲೆ ಹಸಿರು ಹೊದಿಕೆಯಾಗಿ ತೇಲುವ ಡಕ್‌ವೀಡ್ ಕೂಡ ಇದೇ ಕುಟುಂಬಕ್ಕೆ ಸೇರಿದ್ದು, ನೀರಾಮೆಗಳಿಗೆ ಒಳ್ಳೆಯ ಮೇವು.

ನಿಜವಾದ ಅಪಾಯ ಬೇರೆ ಕಡೆ ಇದೆ. ಕಣಗಿಲೆ, ಹಳದಿ ಕಣಗಿಲೆ ಹಾಗೂ ಅಡೀನಿಯಂಗಳಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಗ್ಲೈಕೊಸೈಡುಗಳಿವೆ. ಆಫ್ರಿಕದಲ್ಲಿ ಅಡೀನಿಯಂ ರಸವನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಕಲಾಂಕೊಯೆ ಮತ್ತು ಅದರ ಬಳಗದ ಕಾಡುಬಸಳೆಯಲ್ಲೂ ಹೃದಯಕ್ಕೆ ಮಾರಕವಾದ ವಸ್ತುಗಳಿದ್ದು, ಆಸ್ಟ್ರೇಲಿಯದಲ್ಲಿ ಈ ಬಳಗದ ಗಿಡಗಳನ್ನು ಮೇದು ದನಗಳು ಸತ್ತಿವೆ. ಸೈಕಸ್ ಯಕೃತ್ತನ್ನು ಹಾಳುಮಾಡುತ್ತದೆ. ಯೂಫೋರ್ಬಿಯಾ ಕಳ್ಳಿಗಳ ಹಾಲು ಕಣ್ಣು, ಬಾಯಿಗಳನ್ನು ಸುಡುತ್ತದೆ. ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸ ಭೇದಿ ಹುಟ್ಟಿಸುತ್ತದೆ.

ಪಾಲಕ್ ಸೊಪ್ಪಿನ ಕಥೆ ಇನ್ನೊಂದು ಬಗೆಯದು. ಅದರಲ್ಲಿರುವ ಕರಗುವ ಆಕ್ಸಲೇಟ್ ಬಾಯಿಗೆ ಚುಚ್ಚುವುದಿಲ್ಲ. ಕರುಳಿನಲ್ಲಿ ಕ್ಯಾಲ್ಸಿಯಂ ಹಿಡಿದುಕೊಂಡು ಮೈಗೆ ಸೇರದಂತೆ ತಡೆಯುತ್ತದೆ. ಚಿಪ್ಪು ಕಟ್ಟಿಕೊಳ್ಳಬೇಕಾದ ಮರಿಗೆ ನಿತ್ಯವೂ ಅದನ್ನೇ ಹಾಕುವುದು ತಪ್ಪು.

ಧೈರ್ಯವಾಗಿ ಇಡಬಹುದಾದ ಗಿಡಗಳೂ ಕಡಿಮೆಯಿಲ್ಲ. ದಾಸವಾಳದ ಹೂವು, ಎಲೆ ಎರಡನ್ನೂ ನೆಲದಾಮೆಗಳು ಆಸೆಪಟ್ಟು ತಿನ್ನುತ್ತವೆ. ಪಾಪಾಸುಕಳ್ಳಿಯ ದಪ್ಪ ಎಲೆಯಂಥ ಕಾಂಡವನ್ನು ಮುಳ್ಳು ತೆಗೆದು ಕೊಡಬಹುದು. ಗಲಾಪಗೊಸ್ ದ್ವೀಪಗಳ ದೈತ್ಯ ಆಮೆಗಳಿಗೆ ಇದೇ ಬಳಗದ ಕಳ್ಳಿ ಮುಖ್ಯ ಮೇವು. ಹಿಪ್ಪುನೇರಳೆ ಎಲೆ, ಸ್ಪೈಡರ್ ಪ್ಲಾಂಟ್, ಹಾವರ್ಥಿಯಾ, ಎಕೆವೇರಿಯಾ, ಅರೆಕಾ ಪಾಮ್ ಕೂಡ ನಡೆಯುತ್ತವೆ. ಗಿಡ ಬದುಕುಳಿಯುವ ಮಾತು ಬೇರೆ: ಆಫ್ರಿಕದ ಸಲ್ಕಾಟಾ ಆಮೆಯ ಆವರಣದಲ್ಲಿ ಯಾವ ಕುಂಡವೂ ನೆಟ್ಟಗೆ ನಿಲ್ಲದು.

ಪ್ರಚಾರದಲ್ಲಿರುವ ‘ವಿಷಗಿಡಗಳ ಪಟ್ಟಿ’ಗಳಲ್ಲಿ ಹೆಚ್ಚಿನವು ನಾಯಿ, ಬೆಕ್ಕು, ಕುದುರೆ, ಮನುಷ್ಯರ ಅನುಭವವನ್ನು ಆಧರಿಸಿದವು. ಆಮೆಗಳ ಮೇಲೆ ನೇರವಾಗಿ ನಡೆದ ಪರೀಕ್ಷೆಗಳು ತೀರ ಕಡಿಮೆ. ಉತ್ತರ ಅಮೆರಿಕದ ಬಾಕ್ಸ್ ಟರ್ಟಲ್ ಮನುಷ್ಯರಿಗೆ ವಿಷವಾಗುವ ಅಣಬೆಗಳನ್ನೂ ತಿಂದು ಅರಗಿಸಿಕೊಳ್ಳುತ್ತದೆ ಎಂಬುದನ್ನು ನೋಡಿದರೆ, ಒಂದು ಪ್ರಾಣಿಯ ಪಟ್ಟಿಯನ್ನು ಇನ್ನೊಂದಕ್ಕೆ ಅನ್ವಯಿಸುವುದರ ಮಿತಿ ತಿಳಿಯುತ್ತದೆ. ಈ ಪಟ್ಟಿಗಳಿಂದ ಎಚ್ಚರಿಕೆ ಕಲಿಯಬಹುದು, ಅಭಯ ಪಡೆಯಲಾಗದು.

ನೀರಾಮೆಗಳ ತೊಟ್ಟಿಯಲ್ಲಿ ಮನಿ ಪ್ಲಾಂಟಿನ ಬೇರನ್ನು ನೀರಿಗೆ ಬಿಡುವ ಅಭ್ಯಾಸ ಹಬ್ಬಿದೆ; ಅದು ನೀರಿನಲ್ಲಿನ ನೈಟ್ರೇಟನ್ನು ಹೀರಿಕೊಳ್ಳುತ್ತದೆ. ಆದರೆ ರೆಡ್ ಇಯರ್ಡ್ ಸ್ಲೈಡರ್ ಬೆಳೆದಂತೆಲ್ಲ ಹಸಿರನ್ನು ಹೆಚ್ಚು ತಿನ್ನುತ್ತದೆ, ಬೇರನ್ನೂ ಬಿಡುವುದಿಲ್ಲ. ಬೇರನ್ನು ಫಿಲ್ಟರ್ ಪೆಟ್ಟಿಗೆಯೊಳಗೆ ಇರಿಸಿ, ಬಳ್ಳಿಯನ್ನು ಆಮೆಗೆ ಎಟುಕದಂತೆ ಮೇಲೆ ಹಬ್ಬಿಸಿದರೆ ತೊಂದರೆಯಿಲ್ಲ.

ಗಿಡ ನಿರಪಾಯವಾದರೂ ಕುಂಡ ಹಾಗಿರಬೇಕೆಂದಿಲ್ಲ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಬೇರಿನಿಂದ ಹೀರಲ್ಪಟ್ಟು ಎಲೆಯೊಳಗೇ ಸೇರುವುದರಿಂದ ತೊಳೆದರೆ ಹೋಗುವುದಿಲ್ಲ. ಮಣ್ಣಿನಲ್ಲಿ ಬೆರೆಸಿದ ಪರ್ಲೈಟಿನ ಬಿಳಿ ಹರಳು, ಗೊಬ್ಬರದ ಬಣ್ಣದ ಗುಳಿಗೆಗಳನ್ನು ಆಮೆ ತಿನಿಸೆಂದು ಹೆಕ್ಕಿ ನುಂಗಬಹುದು. ತಂದ ಗಿಡದ ಬೇರು ತೊಳೆದು, ಬರೀ ಮಣ್ಣು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಕೆಲವು ತಿಂಗಳು ಬೇರೆಡೆ ಬೆಳೆಸಿ, ಹೊಸ ಎಲೆಗಳು ಬಂದ ಮೇಲೆ ಒಳಗಿಡುವುದು ಕ್ರಮ.

ಕರ್ನಾಟಕದ ಒಣ ಪ್ರದೇಶಗಳಲ್ಲೂ ಕಾಣಸಿಗುವ ನಕ್ಷತ್ರ ಆಮೆಗೆ ಈ ವಿಚಾರ ಅನ್ವಯಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಮನೆಯಲ್ಲಿ ಸಾಕುವುದೇ ಅಪರಾಧ. 2019ರಲ್ಲಿ ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೂ ಸೇರಿತು.

ಆಮೆ ವಿಷಗಿಡ ತಿಂದ ಅನುಮಾನವಿದ್ದರೆ ಮನೆಮದ್ದು ಮಾಡದೆ, ಬಾಯಲ್ಲಿ ಉಳಿದ ಎಲೆಯಷ್ಟನ್ನು ತೆಗೆದು, ಸರೀಸೃಪಗಳ ಬಗ್ಗೆ ತಿಳಿದ ಪಶುವೈದ್ಯರಲ್ಲಿಗೆ ಒಯ್ಯಬೇಕು. ತಿಂದ ಗಿಡದ ಒಂದು ರೆಂಬೆಯೂ ಜೊತೆಗಿರಲಿ.