ರಾಯದುರ್ಗ, ಮಡಕಶಿರಾ ಭಾಗದ ಹಳೆಯ ಜಮೀನು ಪತ್ರಗಳು: ಓದುವುದು ಹೇಗೆ, ಕಾಯುವುದು ಹೇಗೆ



ಸಂಘದ ಸಭೆಗಳಿಗೆ ಬರುವವರಲ್ಲಿ ಹಲವರು ಬಟ್ಟೆಯ ಗಂಟಿನಲ್ಲಿ ಕಟ್ಟಿದ ಹಳೆಯ ಕಾಗದಗಳನ್ನು ತಂದು, "ಇದರಲ್ಲೇನಿದೆ ನೋಡಿ ಸ್ವಾಮಿ" ಎಂದು ಕೇಳುತ್ತಾರೆ. ತಾತನ ಕಾಲದ ಕ್ರಯಪತ್ರ ಕನ್ನಡದಲ್ಲಿದೆ, ಮೊಮ್ಮಗ ಓದಿದ್ದು ತೆಲುಗು ಮತ್ತು ಇಂಗ್ಲಿಷ್, ಕಚೇರಿಯಲ್ಲಿ ಕನ್ನಡ ಬಲ್ಲವರು ಇರುತ್ತಾರೆಂಬ ಭರವಸೆ ಇಲ್ಲ. ಹೀಗಾಗಿ ನಮಗೆ ತಿಳಿದಷ್ಟನ್ನು ಒಂದೆಡೆ ಬರೆದಿಡುತ್ತಿದ್ದೇವೆ.

ಮೊದಲು ಊರು ಯಾವ ಜಿಲ್ಲೆಯಲ್ಲಿತ್ತು ಎಂಬುದನ್ನು ನೋಡಬೇಕು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ದತ್ತಮಂಡಲ ಎಂಬ ಹೆಸರು ಬಂದದ್ದು ಹಾಗೆ. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದು ಹೊಲಗಳನ್ನು ಅಳೆಸಿ ರೈತವಾರಿ ಕಂದಾಯ ಕಟ್ಟಿದರು. ಆಮೇಲೆ ನಮ್ಮ ಎರಡೂ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರಾ ಅತ್ತ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ಮೂರೂ ಆಂಧ್ರಕ್ಕೆ ಸೇರಿ, ರಾಯದುರ್ಗ ಅನಂತಪುರ ಜಿಲ್ಲೆಗೆ ಬಂತು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಆದ್ದರಿಂದ 1940ರ ಪತ್ರದಲ್ಲಿ "ಬಳ್ಳಾರಿ ಜಿಲ್ಲೆ ರಾಯದುರ್ಗ ತಾಲ್ಲೂಕು" ಎಂದಿದ್ದರೆ ಅದು ಬೇರೆ ಊರಿನದೆಂದು ಯಾರೂ ತಳ್ಳಿಹಾಕುವಂತಿಲ್ಲ. ನಕಲಿಗೆ ಅರ್ಜಿ ಬರೆಯುವಾಗ ಅಂದಿನ ಜಿಲ್ಲೆಯನ್ನೂ ಇಂದಿನ ಜಿಲ್ಲೆಯನ್ನೂ ಎರಡನ್ನೂ ಬರೆಯಿರಿ.

ಭೂಮಿಯ ಪತ್ರವನ್ನು ಕನ್ನಡದಲ್ಲಿ ಬರೆಯುವುದು ಇಲ್ಲಿ ಹೊಸದಲ್ಲ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಈಗಿನ ಹೇಮಾವತಿ, ನಮ್ಮ ಅಮರಾಪುರಂ ಮಂಡಲದಲ್ಲೇ ಇದೆ. ಅಲ್ಲಿಯ ಕನ್ನಡ ಶಾಸನಗಳನ್ನು ನೋಡಿದವರಿಗೆ ಗೊತ್ತು. ಕಲ್ಲಿನಿಂದ ಕಾಗದಕ್ಕೆ ಬರುವ ನಡುವೆ ಕಡತ ಇತ್ತು. ಬಟ್ಟೆಗೆ ಇದ್ದಿಲ ಪುಡಿ, ಅಂಟು ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕವೆಲ್ಲ ಅದರಲ್ಲೇ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಳಿಸಿಹೋಗುತ್ತದೆ! ಧೂಳು ಕಂಡಿತೆಂದು ದಯವಿಟ್ಟು ಕಡತವನ್ನು ಒರೆಸಬೇಡಿ. 1984ರಲ್ಲಿ ಆಂಧ್ರದಲ್ಲಿ ಕರಣಂ, ಮುನಸಬು ಹುದ್ದೆಗಳು ರದ್ದಾದವು. ಸರ್ಕಾರದ ಲೆಕ್ಕ ಕಚೇರಿ ಸೇರಿತು, ಮನೆಯ ಅಟ್ಟದ ಮೇಲಿದ್ದ ಹಳೆಯ ಕಡತಗಳನ್ನು ಕೇಳುವವರೇ ಇಲ್ಲವಾದರು. ಹಳೆಯ ಮನೆ ಕೆಡವುವಾಗ ಮಣ್ಣಿನ ಜೊತೆ ಹೋದವೆಷ್ಟೋ.

ಇನ್ನು ಪತ್ರದ ಒಳಗೆ ಬರೋಣ. ಶುದ್ಧಕ್ರಯವೆಂದರೆ ಪೂರ್ತಿ ಮಾರಾಟ. ಭೋಗ್ಯಪತ್ರವೆಂದರೆ ಸಾಲ ತೀರುವತನಕ ಜಮೀನಿನ ಫಲ ಸಾಲ ಕೊಟ್ಟವರದು, ಹಕ್ಕು ಮಾತ್ರ ಮೂಲದವರದು. ಇವೆರಡನ್ನೂ ಒಂದೇ ಎಂದುಕೊಂಡು ಜಗಳ ಬೆಳೆಸಿಕೊಂಡ ಮನೆಗಳನ್ನು ನೋಡಿದ್ದೇವೆ. ಮುಚ್ಚಳಿಕೆ ಎಂದರೆ ಒಪ್ಪಿ ಬರೆದುಕೊಟ್ಟ ಪತ್ರ, ವಿಭಾಗಪತ್ರ ಎಂದರೆ ಪಾಲುಪಟ್ಟಿ. ಯಾವ ಪತ್ರವಾದರೂ ಮೊದಲು ಹುಡುಕಬೇಕಾದದ್ದು ಚಕ್ಕುಬಂದಿಯನ್ನು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿ ದಾರಿ ಎಂದಿರುತ್ತದೆ. ಸರ್ವೆ ನಂಬರು ಬದಲಾದರೂ ಹಳ್ಳ ಸುಮ್ಮನೆ ಜಾಗ ಬದಲಿಸುವುದಿಲ್ಲ.

ತಾರೀಖಿನ ಬದಲು ಸಂವತ್ಸರ ಮಾತ್ರ ಇದ್ದರೆ ಎಚ್ಚರ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ವಿಜಯ ಸಂವತ್ಸರ ಎಂದಿದ್ದರೆ 1893 ಇರಬಹುದು, 1953 ಇರಬಹುದು. ಸ್ಟಾಂಪು ಕಾಗದದಲ್ಲಿ ರಾಣಿಯ ಮುದ್ರೆ ಇದೆಯೋ ಅಶೋಕ ಸ್ತಂಭವೋ ನೋಡಿದರೆ ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತದೆ.

ಗಡಿಯವರಾದ ನಮಗೆ ದೊಡ್ಡ ತೊಡಕು ಅಳತೆಯದು. ಬಹು ಹಳೆಯ ಪತ್ರಗಳಲ್ಲಿ ಭೂಮಿಯನ್ನು ಬಿತ್ತನೆಯಿಂದ ಹೇಳುತ್ತಾರೆ: ಇಷ್ಟು ಕೊಳಗದ ಹೊಲ, ಇಷ್ಟು ಖಂಡುಗದ ಗದ್ದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅದು ಕಾಳಿನ ಅಳತೆ, ನೆಲದ್ದಲ್ಲ. ಒಂದು ಖಂಡುಗ ಬೀಜ ಹಿಡಿಯುವ ಖುಷ್ಕಿಯೂ ತರಿಯೂ ಒಂದೇ ವಿಸ್ತೀರ್ಣ ಇರುವುದಿಲ್ಲ. ಸರ್ವೆ ಬಂದ ಮೇಲಿನ ಪತ್ರಗಳಲ್ಲಿ ಎಕರೆ ಇದೆ. ಆದರೆ ಮದ್ರಾಸಿನ ಕಡೆ ಎಕರೆಗೆ 100 ಸೆಂಟು, ಮೈಸೂರಿನ ಕಡೆ 40 ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟು. ಪಾವಗಡದಲ್ಲೋ ಶಿರಾದಲ್ಲೋ ಒಂದು ಹೊಲ, ಮಡಕಶಿರಾದಲ್ಲಿ ಇನ್ನೊಂದು ಹೊಲ ಇರುವ ಕುಟುಂಬಗಳು ನಮ್ಮಲ್ಲಿ ಬಹಳ. ಒಂದೇ ಪಾಲುಪಟ್ಟಿಯಲ್ಲಿ "2-20" ಎಂದು ಎರಡು ಕಡೆ ಬರೆದಿದ್ದರೆ, ಶಿರಾದ್ದು ಎರಡೂವರೆ ಎಕರೆ, ಮಡಕಶಿರಾದ್ದು ಎರಡು ಎಕರೆ 20 ಸೆಂಟು. ವ್ಯತ್ಯಾಸ 30 ಸೆಂಟು. ಸಂಘಕ್ಕೆ ಬಂದ ಒಂದು ಗಂಟಿನಲ್ಲಿ ಇದೇ ಆಗಿತ್ತು. ನಾವೂ ಮೊದಲ ಸಲ ತಪ್ಪಾಗಿಯೇ ಓದಿ, ತಂಗಿಯ ಪಾಲಿನಲ್ಲಿ ಅಣ್ಣ 30 ಸೆಂಟು ಒತ್ತಿದ್ದಾನೆಂದು ಹೇಳಿಬಿಟ್ಟೆವು. ಅಣ್ಣ ಒತ್ತಿರಲಿಲ್ಲ. ಆ ಮನೆಯವರ ಮುಂದೆ ನಮ್ಮ ಮಾತನ್ನು ಹಿಂತೆಗೆದುಕೊಳ್ಳಲು ಎರಡು ಸಲ ಹೋಗಿಬರಬೇಕಾಯಿತು.

ಇನಾಮು ಭೂಮಿಯವರಿಗೆ ಒಂದು ಮಾತು. ಮದ್ರಾಸ್ ಸರ್ಕಾರ 1858ರಲ್ಲಿ ಇನಾಂ ಕಮಿಷನ್ ನೇಮಿಸಿ, ಪ್ರತಿ ಇನಾಮನ್ನೂ ವಿಚಾರಿಸಿ, ಫೇರ್ ರಿಜಿಸ್ಟರಿನಲ್ಲಿ ಬರೆಸಿ, ಟೈಟಲ್ ಡೀಡ್ ಕೊಟ್ಟಿತು. ಪತ್ರದಲ್ಲಿ ಟಿ.ಡಿ. ನಂಬರು ಇದ್ದರೆ ಅದು ಇದೇ. 1956ರ ಕಾನೂನಿನಿಂದ ಇನಾಮುಗಳು ರದ್ದಾಗಿ ರೈತವಾರಿ ಪಟ್ಟಾ ಬಂತು. ದೇವಸ್ಥಾನದ ಹೊಲವೋ, ಅರ್ಚಕರ ಸ್ವಂತದ್ದೋ ಎಂಬ ವ್ಯಾಜ್ಯದಲ್ಲಿ ಇಂದಿಗೂ ಆ ಫೇರ್ ರಿಜಿಸ್ಟರಿನ ನಕಲನ್ನೇ ಮೊದಲು ಕೇಳುತ್ತಾರೆ.

ಇಂಗ್ಲೆಂಡಿನ ದೊಡ್ಡ ಜಮೀನುದಾರ ಮನೆತನಗಳ ಪತ್ರಗಳ ಕಥೆ ಬೇರೆ. 1913ರಲ್ಲಿ ಬೆಡ್‌ಫರ್ಡ್‌ಷೈರಿನಲ್ಲಿ ಮೊದಲ ಕೌಂಟಿ ದಾಖಲೆ ಕಚೇರಿ ಶುರುವಾಯಿತು. ಇಂಥ ಕಚೇರಿಗಳಿಗೆ ಎಷ್ಟೋ ಮನೆತನಗಳು ತಮ್ಮ ಪೆಟ್ಟಿಗೆಗಳನ್ನು ಒಪ್ಪಿಸಿ ಪಟ್ಟಿ ಮಾಡಿಸಿವೆ. ಅಲ್ಲಿ ಭೂಮಿಯ ಒಡೆತನವನ್ನೇ ಸರ್ಕಾರ ನೋಂದಾಯಿಸಿ ಖಾತರಿ ಕೊಡುತ್ತದೆ, ಹಾಗಾಗಿ ಹಳೆಯ ಚರ್ಮದ ಪತ್ರಗಳು ಈಗ ಬಹುಪಾಲು ಇತಿಹಾಸದವರಿಗೆ. ನಮ್ಮಲ್ಲಿ ನೋಂದಣಿಯಾಗುವುದು ಪತ್ರ, ಒಡೆತನವಲ್ಲ. ಆದ್ದರಿಂದಲೇ ತಾತನ ಕಾಗದಕ್ಕೆ ಇನ್ನೂ ಜೀವವಿದೆ.

ಮೂಲ ಕಳೆದುಹೋಗಿದ್ದರೆ ಕೈಚೆಲ್ಲಬೇಡಿ. ಪತ್ರ ನೋಂದಣಿಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿ ಅದರ ಪ್ರತಿ ಇರುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಫೀಸು ಕಟ್ಟಿ ದೃಢೀಕೃತ ನಕಲು ಪಡೆಯಬಹುದು, ಮೂಲದಲ್ಲಿ ಏನಿತ್ತೆಂದು ತೋರಿಸಲು ಅದು ಸಾಕ್ಷ್ಯವಾಗುತ್ತದೆ. ಆದರೆ ನೂರು ರೂಪಾಯಿಗಿಂತ ಕಡಿಮೆಯ ಕ್ರಯಕ್ಕೆ ಹಿಂದೆ ನೋಂದಣಿ ಕಡ್ಡಾಯವಿರಲಿಲ್ಲ. 99 ರೂಪಾಯಿ ಎಂದು ಬರೆದ ಹಳೆಯ ಪತ್ರ ಸಿಕ್ಕರೆ ಆಶ್ಚರ್ಯಪಡಬೇಡಿ, ಮತ್ತು ಅದರ ನಕಲು ಕಚೇರಿಯಲ್ಲಿ ಸಿಗದು. ಅಂಥ ಮೂಲವನ್ನು ಕಣ್ಣಿನಂತೆ ಕಾಯಬೇಕು. ಮೂವತ್ತು ವರ್ಷ ದಾಟಿದ, ಇರಬೇಕಾದವರ ಬಳಿಯೇ ಇದ್ದ ಪತ್ರವನ್ನು ನ್ಯಾಯಾಲಯ ಅಸಲಿ ಎಂದು ಭಾವಿಸಬಹುದು. ಆದ್ದರಿಂದ ಗಂಟು ಯಾರ ಮನೆಯಲ್ಲಿತ್ತು, ಯಾರಿಂದ ಯಾರಿಗೆ ಬಂತು ಎಂದು ಒಂದು ಚೀಟಿಯಲ್ಲಿ ಬರೆದಿಡಿ.

ಭಾಷೆಯ ಪ್ರಶ್ನೆ. ಅದೇ ಕಾಯ್ದೆಯ 19ನೇ ಕಲಮು, ಅಧಿಕಾರಿಗೆ ತಿಳಿಯದ ಮತ್ತು ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರಕ್ಕೆ ಮಾತ್ರ ಅನುವಾದ ಕೇಳುತ್ತದೆ. ಎರಡೂ ಷರತ್ತು ಒಟ್ಟಿಗೆ ಇರಬೇಕು. ಮಡಕಶಿರಾ, ಅಗಳಿ, ರೊಳ್ಳ ಕಡೆ ಕನ್ನಡ ಬಳಕೆಯಲ್ಲಿಲ್ಲವೆಂದು ಯಾರು ಹೇಳಿಯಾರು? ಆದರೂ ವ್ಯಾಜ್ಯ ಮಾಡಿಕೊಂಡು ನಿಲ್ಲುವುದಕ್ಕಿಂತ ಜೊತೆಗೊಂದು ತೆಲುಗು ಅನುವಾದ ಇಟ್ಟುಕೊಂಡು ಹೋಗುವುದೇ ಮೇಲು. ಕುಂದುಕೊರತೆಯ ಅರ್ಜಿಯನ್ನಂತೂ ಸಂವಿಧಾನದ 350ನೇ ವಿಧಿಯಂತೆ ಕನ್ನಡದಲ್ಲೇ ಕೊಡಬಹುದು.

ಕಾಯುವ ಬಗೆ ಸುಲಭ. ಲ್ಯಾಮಿನೇಷನ್ ಬೇಡವೇ ಬೇಡ, ಮತ್ತೆ ಬಿಡಿಸಲಾಗುವುದಿಲ್ಲ, ಹಿಂಬದಿಯ ಮುದ್ರೆ, ಹೆಬ್ಬೆಟ್ಟು ಪರೀಕ್ಷಿಸುವುದೂ ಕಷ್ಟ. ಸೆಲೋಟೇಪು, ಪಿನ್ನು ಬೇಡ. ಮಡಿಕೆ ಬಿಡಿಸಿ, ತೆಳು ಹತ್ತಿಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಪೆಟ್ಟಿಗೆಯಲ್ಲಿಡಿ. ಎರಡೂ ಬದಿಯ ಫೋಟೋ ತೆಗೆದು ಮನೆಯ ಇಬ್ಬರ ಬಳಿ ಇರಲಿ.

ಓದಿಸಬೇಕಾದವರು ಮುಂದಿನ ಸಭೆಗೆ ಮೂಲ ತರದೆ ಫೋಟೋ ಅಥವಾ ಜೆರಾಕ್ಸ್ ಮಾತ್ರ ತನ್ನಿ. ಮೋಡಿ ಬರಹ ಓದಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಅವರನ್ನೂ ಕರೆತನ್ನಿ, ಹೋಗಿಬರುವ ಬಸ್ಸಿನ ಖರ್ಚು ಸಂಘದ್ದು.

– ಕಾರ್ಯದರ್ಶಿ