ಔಷಧಜನ್ಯ ಶ್ವಾಸಕೋಶ ಹಾನಿ ಮತ್ತು ಜೀವಸತ್ವಗಳು

ಔಷಧಜನ್ಯ ಶ್ವಾಸಕೋಶ ಹಾನಿ ಎಂದರೆ, ಬೇರೊಂದು ರೋಗದ ಚಿಕಿತ್ಸೆಗೆಂದು ನೀಡಿದ ಔಷಧದಿಂದ ಶ್ವಾಸಕೋಶದ ಅಂಗಾಂಶಕ್ಕೆ ಉಂಟಾಗುವ ಕೆಡುಕು. ಕ್ಯಾನ್ಸರ್ ಔಷಧವಾದ ಬ್ಲಿಯೋಮೈಸಿನ್ ಮತ್ತು ಹೃದಯದ ಬಡಿತವನ್ನು ಕ್ರಮಗೊಳಿಸುವ ಅಮಿಯೊಡರೋನ್ ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಕೆಲವು ಜೀವಸತ್ವಗಳು ಈ ಹಾನಿಯನ್ನು ತಗ್ಗಿಸಬಲ್ಲವೇ ಎಂಬುದನ್ನು ಹ್ಯಾಮ್‌ಸ್ಟರ್, ಇಲಿ ಮೊದಲಾದ ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿದೆ.

ಹಾನಿಯ ಬಗೆ

ಬ್ಲಿಯೋಮೈಸಿನ್ ಅನ್ನು ಜಪಾನಿನ ಹಮಾವೊ ಉಮೆಜಾವಾ ಅವರು 1960ರ ದಶಕದಲ್ಲಿ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಸೂಕ್ಷ್ಮಾಣುವಿನಿಂದ ಬೇರ್ಪಡಿಸಿದರು. ಇದು ಕಬ್ಬಿಣ ಹಾಗೂ ಆಮ್ಲಜನಕದೊಡನೆ ಸೇರಿ ಮುಕ್ತ ರ‍್ಯಾಡಿಕಲ್‌ಗಳನ್ನು ಉಂಟುಮಾಡಿ ಜೀವಕೋಶದ ಡಿಎನ್‌ಎಯನ್ನು ತುಂಡರಿಸುತ್ತದೆ. ಇದನ್ನು ನಿಷ್ಕ್ರಿಯಗೊಳಿಸುವ ಕಿಣ್ವವು ಶ್ವಾಸಕೋಶ ಮತ್ತು ಚರ್ಮದಲ್ಲಿ ಕಡಿಮೆ ಇರುವುದರಿಂದ ಆ ಅಂಗಗಳೇ ಹೆಚ್ಚು ಘಾಸಿಗೊಳ್ಳುತ್ತವೆ. ಔಷಧ ಪಡೆದವರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಶ್ವಾಸಕೋಶದ ತೊಂದರೆ ಕಾಣಿಸಿಕೊಳ್ಳುತ್ತದೆ. ತೀವ್ರವಾದಾಗ ಕೊಲ್ಲಾಜನ್ ಶೇಖರಗೊಂಡು ಶ್ವಾಸಕೋಶವು ನಾರುಗಟ್ಟಿ ಬಿಗಿಯಾಗುತ್ತದೆ.

ನಯಾಸಿನ್

ತುಂಡಾದ ಡಿಎನ್‌ಎಯನ್ನು ಸರಿಪಡಿಸುವ ಕಾರ್ಯದಲ್ಲಿ ಜೀವಕೋಶವು ಎನ್‌ಎಡಿ ಎಂಬ ಸಹಕಿಣ್ವವನ್ನು ಬಳಸುತ್ತದೆ. ಹಾನಿ ಹೆಚ್ಚಾದಂತೆ ಎನ್‌ಎಡಿ ಬರಿದಾಗಿ, ಜೀವಕೋಶದ ಶಕ್ತಿಯ ಉತ್ಪಾದನೆ ಕುಗ್ಗುತ್ತದೆ. ನಯಾಸಿನ್, ಅಂದರೆ ವಿಟಮಿನ್ ಬಿ3, ಎನ್‌ಎಡಿಯ ಮೂಲದ್ರವ್ಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದಲ್ಲಿ ಎಸ್. ಎನ್. ಗಿರಿ ಮತ್ತು ಸಹೋದ್ಯೋಗಿಗಳು ಬ್ಲಿಯೋಮೈಸಿನ್ ನೀಡಿದ ಹ್ಯಾಮ್‌ಸ್ಟರ್‌ಗಳಿಗೆ ನಯಾಸಿನ್ ಮತ್ತು ಟಾರಿನ್ ಎರಡನ್ನೂ ಕೊಟ್ಟಾಗ ನಾರುಗಟ್ಟುವಿಕೆ ತಗ್ಗಿತೆಂದು 1991ರಲ್ಲಿ ವರದಿ ಮಾಡಿದರು. ಟಾರಿನ್ ಜೀವಸತ್ವವಲ್ಲ, ಅದು ಗಂಧಕವನ್ನು ಒಳಗೊಂಡ ಅಮೈನೊ ಸಂಯುಕ್ತ.

ವಿಟಮಿನ್ ಇ

ಕೆನಡಾದ ಕ್ವೀನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಮಿಯೊಡರೋನ್ ನೀಡಿದ ಹ್ಯಾಮ್‌ಸ್ಟರ್‌ಗಳ ಆಹಾರದಲ್ಲಿ ವಿಟಮಿನ್ ಇ ಬೆರೆಸಿ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನಾರುಗಟ್ಟುವಿಕೆ ಕಡಿಮೆಯಾಯಿತು. ಆದರೆ ಮೈಟೊಕಾಂಡ್ರಿಯಾಗಳ ಕಾರ್ಯವೈಕಲ್ಯ ತಪ್ಪಲಿಲ್ಲ. ಹಾನಿಯ ಆರಂಭವನ್ನು ತಡೆಯದೆಯೂ ಅದರ ಪರಿಣಾಮವನ್ನು ತಗ್ಗಿಸಲು ಸಾಧ್ಯವೆಂಬುದು ಇದರಿಂದ ತಿಳಿದುಬರುತ್ತದೆ.

ಮಿತಿಗಳು

ಈ ಫಲಿತಾಂಶಗಳನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು. ಪ್ರಯೋಗಗಳಲ್ಲಿ ಔಷಧವನ್ನು ಸಾಮಾನ್ಯವಾಗಿ ಶ್ವಾಸನಾಳಕ್ಕೆ ನೇರವಾಗಿ ಹಾಕಲಾಗುತ್ತದೆ; ರೋಗಿಗಳಿಗಾದರೋ ಹಲವು ವಾರಗಳ ಕಾಲ ಚುಚ್ಚುಮದ್ದಾಗಿ ಕೊಡಲಾಗುತ್ತದೆ. ಪ್ರಾಣಿಗಳಿಗೆ ಜೀವಸತ್ವವನ್ನು ಹಾನಿಗೆ ಮುನ್ನವೇ ಅಥವಾ ಅದರ ಜೊತೆಯಲ್ಲೇ ನೀಡುವುದುಂಟು. ರೋಗಿಯಲ್ಲಿ ತೊಂದರೆ ಪತ್ತೆಯಾಗುವುದು ಹಾನಿಯಾದ ಮೇಲೆ. ಇಲಿಗಳಲ್ಲಿ ಒಂದೇ ಬಾರಿಯ ಔಷಧದಿಂದಾದ ನಾರುಗಟ್ಟುವಿಕೆ ಕೆಲಮಟ್ಟಿಗೆ ತಾನಾಗಿಯೇ ಗುಣವಾಗುವುದೂ ಉಂಟು. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಬ್ಲಿಯೋಮೈಸಿನ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೂ ಮುಕ್ತ ರ‍್ಯಾಡಿಕಲ್‌ಗಳ ಮೂಲಕವೇ. ಆದುದರಿಂದ ಉತ್ಕರ್ಷಣ ನಿರೋಧಕಗಳು ಶ್ವಾಸಕೋಶದ ಜೊತೆಗೆ ಗಡ್ಡೆಯನ್ನೂ ರಕ್ಷಿಸಬಹುದೆಂಬ ಆತಂಕವಿದೆ.

ಎಚ್ಚರಿಕೆ

ಜೀವಸತ್ವಗಳ ಹೆಚ್ಚಿನ ಪ್ರಮಾಣವು ಯಾವಾಗಲೂ ನಿರಪಾಯಕಾರಿಯಲ್ಲ. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಟಮಿನ್ ಎ ಯ ಪೂರ್ವರೂಪವಾದ ಬೀಟಾ ಕ್ಯಾರೊಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಹೀಗಾಗಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರಿಗೆ ತಿಳಿಸದೆ ಜೀವಸತ್ವದ ಮಾತ್ರೆಗಳನ್ನು ಸೇವಿಸಬಾರದು. ಔಷಧದ ಒಟ್ಟು ಪ್ರಮಾಣವನ್ನು ಮಿತಿಯಲ್ಲಿಡುವುದು, ಶ್ವಾಸಕೋಶದ ಸಾಮರ್ಥ್ಯವನ್ನು ಪರೀಕ್ಷಿಸುತ್ತಿರುವುದು ಹಾಗೂ ಒಣಕೆಮ್ಮು ಅಥವಾ ಏದುಸಿರು ಕಂಡಕೂಡಲೇ ವೈದ್ಯರ ಗಮನಕ್ಕೆ ತರುವುದು ಈಗ ರೂಢಿಯಲ್ಲಿರುವ ಮುಖ್ಯ ರಕ್ಷಣೋಪಾಯಗಳು. ಬ್ಲಿಯೋಮೈಸಿನ್ ಪಡೆದವರು ಮುಂದೆ ಶಸ್ತ್ರಚಿಕಿತ್ಸೆಗೆ ಒಳಗಾಗುವುದಾದರೆ ಅರಿವಳಿಕೆ ತಜ್ಞರಿಗೆ ಆ ವಿಷಯವನ್ನು ತಿಳಿಸಬೇಕು. ಏಕೆಂದರೆ ಅಧಿಕ ಆಮ್ಲಜನಕವು ಈ ಹಾನಿಯನ್ನು ಉಲ್ಬಣಗೊಳಿಸಬಹುದು.